ಚುನಾವಣೆಯ ಹೊಸ್ತಿಲಲ್ಲಿ ಸರಕಾರದ ಹೊಣೆ

ಚುನಾವಣೆ ಬಂತೆಂದರೆ ಊರಿಗೆ ಜಾತ್ರೆಯ ಕಳೆ ಬರುತ್ತದೆ. ಬಣ್ಣ ಬಣ್ಣದ ಧ್ವಜಗಳು, ಧ್ವನಿವರ್ಧಕ ಕಟ್ಟಿದ ಜೀಪುಗಳು, ಗೋಡೆಯ ಮೇಲೆ ಚಿಹ್ನೆಗಳು, ಬಸ್ಸು ನಿಲ್ದಾಣದಲ್ಲಿ ಬಿಸಿಬಿಸಿ ಚರ್ಚೆ. ಇದನ್ನೆಲ್ಲ ನೋಡಿ ನಮ್ಮ ಮಕ್ಕಳು ಚುನಾವಣೆಯೆಂದರೆ ಗೆಲ್ಲುವವರು ಯಾರು, ಸೋಲುವವರು ಯಾರು ಎಂಬ ಒಂದು ಪಂದ್ಯವೆಂದೇ ಭಾವಿಸುವುದುಂಟು. ಆದರೆ ಜಾತ್ರೆ ನಡೆದ ಊರಿನಲ್ಲಿ ಇನ್ನೊಂದು ವಾಡಿಕೆಯೂ ಇದೆ. ಉತ್ಸವ ಮುಗಿದ ಕೆಲವು ದಿನಗಳಲ್ಲಿ ಸಮಿತಿಯವರು ಊರವರನ್ನು ಕೂಡಿಸಿ, ಬಂದ ಹಣವೆಷ್ಟು, ಖರ್ಚಾದುದೆಷ್ಟು, ಉಳಿದುದೆಷ್ಟು ಎಂಬ ಲೆಕ್ಕವನ್ನು ಓದಿ ಹೇಳುತ್ತಾರೆ. ಸರಿಯಾಗಿ ನೋಡಿದರೆ ಚುನಾವಣೆಯು ಜಾತ್ರೆಗಿಂತ ಹೆಚ್ಚಾಗಿ ಈ ಲೆಕ್ಕ ಓದುವ ಸಭೆಯನ್ನೇ ಹೋಲುತ್ತದೆ. ಐದು ವರ್ಷ ನಮ್ಮ ಹೆಸರಿನಲ್ಲಿ ಅಧಿಕಾರ ನಡೆಸಿದವರು ಜನತೆಯ ಮುಂದೆ ನಿಂತು ಲೆಕ್ಕ ಒಪ್ಪಿಸುವ ದಿನ ಅದು.

ಈ ಲೆಕ್ಕ ಒಪ್ಪಿಸುವ ಕರ್ತವ್ಯಕ್ಕೆ ಹೊಣೆಗಾರಿಕೆ ಎಂದು ಹೆಸರು. ಲೆಕ್ಕದ ಪುಸ್ತಕವನ್ನು ಎಲ್ಲರೂ ನೋಡುವಂತೆ ತೆರೆದಿಡುವುದಕ್ಕೆ ಪಾರದರ್ಶಕತೆ ಎಂದು ಹೆಸರು. ಪುಸ್ತಕ ಮುಚ್ಚಿಟ್ಟು ಲೆಕ್ಕ ಒಪ್ಪಿಸುವುದು ಸಾಧ್ಯವಿಲ್ಲವಾದುದರಿಂದ ಇವೆರಡೂ ಒಂದನ್ನೊಂದು ಬಿಟ್ಟಿರಲಾರವು. ಚುನಾವಣೆ ಹತ್ತಿರ ಬಂದಾಗ ಸರಕಾರವು ಹೇಗೆ ನಡೆದುಕೊಳ್ಳಬೇಕು, ಅದಕ್ಕಿರುವ ನಿಯಮಗಳೇನು, ಅವುಗಳ ಶಕ್ತಿ ಎಷ್ಟು, ಮಿತಿ ಎಷ್ಟು, ನಾವು ಮಾಡಬಹುದಾದುದೇನು ಎಂಬುದನ್ನು ಈ ಲೇಖನದಲ್ಲಿ ತಿಳಿಯಲು ಪ್ರಯತ್ನಿಸೋಣ.

ಚುನಾವಣೆಯ ಮುಂಚಿನ ಕಾಲಕ್ಕೇಕೆ ವಿಶೇಷ ನಿಯಮ?

ವಿದ್ಯಾರ್ಥಿಗಳೇ, ಶಾಲೆಯ ನಾಯಕನ ಆಯ್ಕೆಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಈಗಿನ ನಾಯಕನ ಕೈಯಲ್ಲಿ ತರಗತಿಯವರು ಕೂಡಿಸಿದ ಐನೂರು ರೂಪಾಯಿ ಇದೆಯೆಂದು ಭಾವಿಸಿರಿ. ನಾಳೆ ಮತದಾನ. ಅವನೂ ಮತ್ತೆ ಸ್ಪರ್ಧಿಸಿದ್ದಾನೆ. ಇಂದು ಅವನು ಆ ಹಣದಿಂದ ಎಲ್ಲರಿಗೂ ಮಿಠಾಯಿ ಹಂಚಿದರೆ ಏನಾಗುತ್ತದೆ? ಹಣ ತರಗತಿಯದು, ಹೆಸರು ಅವನದು. ಎದುರು ಸ್ಪರ್ಧಿಸಿದ ಹುಡುಗಿಯ ಕೈಯಲ್ಲಿ ಅಂಥ ನಿಧಿ ಇಲ್ಲ. ಮಿಠಾಯಿ ತಿಂದವರು ತಮ್ಮದೇ ಹಣವನ್ನು ತಿಂದು, ಅದಕ್ಕಾಗಿ ಮತವನ್ನೂ ಕೊಟ್ಟಂತಾಗುತ್ತದೆ. ಮಾತ್ರವಲ್ಲ, ಮುಂದೆ ಬರುವ ನಾಯಕನಿಗೆ ಉಳಿಯುವುದು ಬರಿಯ ಖಾಲಿ ಡಬ್ಬ.

ಸರಕಾರದ ವಿಷಯದಲ್ಲಿಯೂ ಇದೇ ಮಾತು. ಆಡಳಿತ ನಡೆಸುವ ಪಕ್ಷದ ಕೈಯಲ್ಲಿ ಖಜಾನೆ ಇದೆ, ಅಧಿಕಾರಿಗಳಿದ್ದಾರೆ, ವಾಹನಗಳಿವೆ, ಜಾಹೀರಾತು ಕೊಡುವ ಶಕ್ತಿ ಇದೆ. ಇವೆಲ್ಲ ಜನತೆಯ ಸೊತ್ತು. ಇವನ್ನು ಪಕ್ಷದ ಗೆಲುವಿಗಾಗಿ ಬಳಸಿದರೆ ಬೇಲಿಯೇ ಎದ್ದು ಹೊಲ ಮೇಯ್ದಂತೆ ಆಗುತ್ತದೆ. ಆದುದರಿಂದ ಚುನಾವಣೆಯ ಮುಂಚಿನ ಕೆಲವು ವಾರಗಳ ಮಟ್ಟಿಗೆ ಸರಕಾರದ ಕೈಗೆ ಒಂದು ಮಿತಿ ಬೇಕೆಂಬುದು ಹಲವು ಪ್ರಜಾಪ್ರಭುತ್ವಗಳು ಕಂಡುಕೊಂಡ ಸತ್ಯ.

ಕೇರಳದಲ್ಲಿ ಮೊಳೆತ ಬೀಜ

ನಮ್ಮ ದೇಶದಲ್ಲಿ ಈ ಮಿತಿಗೆ ‘ಮಾದರಿ ನೀತಿ ಸಂಹಿತೆ’ ಎಂದು ಹೆಸರು. ಇದು ದಿಲ್ಲಿಯಲ್ಲಿ ಹುಟ್ಟಿದುದಲ್ಲ, ನಾವು ವಾಸಿಸುವ ಈ ಕೇರಳ ರಾಜ್ಯದಲ್ಲಿಯೇ ಹುಟ್ಟಿತೆಂಬುದು ನಮ್ಮ ಮಕ್ಕಳು ತಿಳಿದಿರಬೇಕಾದ ಸಂಗತಿ.

1956ರ ನವೆಂಬರ್ 1ರಂದು ಭಾಷಾವಾರು ಪ್ರಾಂತಗಳು ರಚನೆಯಾದಾಗ, ಅಲ್ಲಿಯ ತನಕ ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು. ಮರುವರ್ಷವೇ ಹೊಸ ರಾಜ್ಯದ ಮೊದಲ ಚುನಾವಣೆ ನಡೆದು ಇ. ಎಂ. ಎಸ್. ನಂಬೂದಿರಿಪಾಡರ ಮಂತ್ರಿಮಂಡಲ ಅಧಿಕಾರಕ್ಕೆ ಬಂತು. 1959ರ ಜುಲೈ 31ರಂದು ಆ ಮಂತ್ರಿಮಂಡಲವನ್ನು ವಜಾ ಮಾಡಿ ರಾಷ್ಟ್ರಪತಿ ಆಳ್ವಿಕೆಯನ್ನು ಜಾರಿಗೊಳಿಸಲಾಯಿತು. ರಾಜ್ಯದಲ್ಲಿ ಬಹಳ ಬಿಸಿಯಾದ ವಾತಾವರಣವಿತ್ತು. 1960ರ ಫೆಬ್ರವರಿಯಲ್ಲಿ ಮತ್ತೆ ಚುನಾವಣೆ ನಡೆಸಬೇಕಾದಾಗ, ರಾಜ್ಯದ ಆಡಳಿತವು ರಾಜಕೀಯ ಪಕ್ಷಗಳಿಗಾಗಿ ಒಂದು ನಡವಳಿಕೆಯ ನಿಯಮಾವಳಿಯನ್ನು ರೂಪಿಸಿತು. ಸಭೆ, ಮೆರವಣಿಗೆ, ಭಾಷಣ, ಘೋಷಣೆ, ಭಿತ್ತಿಪತ್ರ ಮುಂತಾದವುಗಳಲ್ಲಿ ಯಾವುದು ಸಲ್ಲುತ್ತದೆ, ಯಾವುದು ಸಲ್ಲದು ಎಂಬುದನ್ನು ಅದು ಹೇಳುತ್ತಿತ್ತು. ಪಕ್ಷಗಳು ಅದನ್ನು ಒಪ್ಪಿಕೊಂಡವು.

ಈ ಪ್ರಯೋಗವನ್ನು ಕಂಡು ಚುನಾವಣಾ ಆಯೋಗವು 1962ರ ಲೋಕಸಭಾ ಚುನಾವಣೆಯ ಕಾಲಕ್ಕೆ ಅದನ್ನು ಮಾನ್ಯತೆ ಪಡೆದ ಪಕ್ಷಗಳಿಗೂ ರಾಜ್ಯ ಸರಕಾರಗಳಿಗೂ ಕಳುಹಿಸಿತು. ಮುಂದೆ ಹಲವು ಬಾರಿ ತಿದ್ದುಪಡಿಗಳಾದವು. ಅವುಗಳಲ್ಲಿ ಮುಖ್ಯವಾದುದು 1979ರದು. ಆ ವರ್ಷ ಪಕ್ಷಗಳೊಡನೆ ಸಮಾಲೋಚಿಸಿ, ‘ಅಧಿಕಾರದಲ್ಲಿರುವ ಪಕ್ಷ’ ಹೇಗೆ ನಡೆದುಕೊಳ್ಳಬೇಕೆಂಬ ಪ್ರತ್ಯೇಕ ಭಾಗವನ್ನೇ ಸೇರಿಸಲಾಯಿತು. ಅಲ್ಲಿಯವರೆಗೆ ಪಕ್ಷಗಳಿಗೆ ಮಾತ್ರವಿದ್ದ ಉಪದೇಶ ಈಗ ಸರಕಾರಕ್ಕೂ ಅನ್ವಯಿಸಿತು. 1990ರ ಡಿಸೆಂಬರದಿಂದ 1996ರ ಡಿಸೆಂಬರದವರೆಗೆ ಮುಖ್ಯ ಚುನಾವಣಾ ಆಯುಕ್ತರಾಗಿದ್ದ ಟಿ. ಎನ್. ಶೇಷನ್ ಅವರು, ಕಾಗದದಲ್ಲಿದ್ದ ಈ ನಿಯಮಗಳನ್ನು ಕಟ್ಟುನಿಟ್ಟಾಗಿ ಆಚರಣೆಗೆ ತಂದು ದೇಶಕ್ಕೇ ಪರಿಚಯಿಸಿದರು. ಅವರೂ ಕೇರಳದ ಪಾಲಕ್ಕಾಡಿನವರೇ.

ಸಂಹಿತೆ ಹೇಳುವುದೇನು?

ಚುನಾವಣಾ ಆಯೋಗವು ಚುನಾವಣೆಯ ದಿನಾಂಕಗಳನ್ನು ಪ್ರಕಟಿಸಿದ ಗಳಿಗೆಯಿಂದ ಸಂಹಿತೆ ಜಾರಿಗೆ ಬರುತ್ತದೆ. ಫಲಿತಾಂಶ ಪ್ರಕಟವಾಗಿ ಚುನಾವಣೆಯ ಕಾರ್ಯ ಪೂರ್ಣವಾಗುವವರೆಗೆ ಅದು ಇರುತ್ತದೆ. 2024ರ ಲೋಕಸಭಾ ಚುನಾವಣೆಯನ್ನು ಮಾರ್ಚ್ 16ರಂದು ಪ್ರಕಟಿಸಲಾಯಿತು. ಕೇರಳದಲ್ಲಿ ಮತದಾನ ಎಪ್ರಿಲ್ 26ರಂದು ಮುಗಿದರೂ ದೇಶದ ಮತ ಎಣಿಕೆ ಜೂನ್ 4ರಂದು ನಡೆಯಿತು. ಆದುದರಿಂದ ನಮ್ಮಲ್ಲಿ ಮತ ಹಾಕಿ ಐದು ವಾರ ಕಳೆದರೂ ಸಂಹಿತೆ ಜಾರಿಯಲ್ಲಿತ್ತು.

ಈ ಅವಧಿಯಲ್ಲಿ ಮಂತ್ರಿಗಳು ಸರಕಾರೀ ಪ್ರವಾಸವನ್ನೂ ಚುನಾವಣಾ ಪ್ರಚಾರವನ್ನೂ ಒಂದಾಗಿ ಬೆರೆಸಬಾರದು. ಪ್ರಚಾರಕ್ಕೆ ಸರಕಾರೀ ವಾಹನವನ್ನಾಗಲಿ ನೌಕರರನ್ನಾಗಲಿ ಬಳಸಬಾರದು. ಸಾರ್ವಜನಿಕ ಮೈದಾನ, ಪ್ರವಾಸಿ ಬಂಗಲೆ ಮುಂತಾದವನ್ನು ಆಳುವ ಪಕ್ಷವೊಂದೇ ಹಿಡಿದಿಟ್ಟುಕೊಳ್ಳದೆ, ಇತರ ಪಕ್ಷಗಳಿಗೂ ಅದೇ ನಿಬಂಧನೆಗಳ ಮೇಲೆ ಬಿಟ್ಟುಕೊಡಬೇಕು. ಸರಕಾರದ ಸಾಧನೆಗಳನ್ನು ಹೊಗಳುವ ಜಾಹೀರಾತುಗಳನ್ನು ಸಾರ್ವಜನಿಕ ಹಣದಿಂದ ಕೊಡಬಾರದು. ಹೊಸ ಅನುದಾನ ಘೋಷಿಸುವುದು, ಶಂಕುಸ್ಥಾಪನೆ ಮಾಡುವುದು, ರಸ್ತೆಯನ್ನೋ ಕುಡಿಯುವ ನೀರನ್ನೋ ಒದಗಿಸುವುದಾಗಿ ಮಾತು ಕೊಡುವುದು, ಮತದಾರರನ್ನು ಓಲೈಸಲು ತಾತ್ಕಾಲಿಕ ನೇಮಕಾತಿ ಮಾಡುವುದು, ಇವೆಲ್ಲ ಸಲ್ಲವು. ಚುನಾವಣಾ ಕೆಲಸದಲ್ಲಿ ತೊಡಗಿರುವ ಅಧಿಕಾರಿಗಳನ್ನು ಆಯೋಗದ ಅನುಮತಿಯಿಲ್ಲದೆ ವರ್ಗಾಯಿಸುವಂತಿಲ್ಲ.

ಇಲ್ಲಿ ಒಂದು ತಪ್ಪು ಕಲ್ಪನೆಯನ್ನು ನಿವಾರಿಸಬೇಕು. ‘ನೀತಿ ಸಂಹಿತೆ ಇದೆ, ಈಗ ಏನೂ ಆಗುವುದಿಲ್ಲ, ಚುನಾವಣೆ ಕಳೆದು ಬನ್ನಿ’ ಎಂಬ ಉತ್ತರ ಕಚೇರಿಗಳಲ್ಲಿ ಕೇಳಿಬರುವುದುಂಟು. ಇದು ಎಲ್ಲ ಸಂದರ್ಭಗಳಲ್ಲಿ ಸರಿಯಲ್ಲ. ಸಂಹಿತೆ ತಡೆಯುವುದು ಹೊಸ ಘೋಷಣೆಗಳನ್ನು, ದಿನನಿತ್ಯದ ಆಡಳಿತವನ್ನಲ್ಲ. ಮೊದಲೇ ಆರಂಭವಾದ ಕಾಮಗಾರಿ ಮುಂದುವರಿಯಬಹುದು. ರೇಶನ್ ಅಂಗಡಿ ಮುಚ್ಚುವುದಿಲ್ಲ, ಆಸ್ಪತ್ರೆಯಲ್ಲಿ ಔಷಧ ನಿಲ್ಲುವುದಿಲ್ಲ, ಈಗಾಗಲೇ ಮಂಜೂರಾದ ಪಿಂಚಣಿ ತಡೆಯುವುದಿಲ್ಲ. ನೆರೆ ಬಂದರೆ, ಗುಡ್ಡ ಜರಿದರೆ ಪರಿಹಾರ ಕಾರ್ಯ ನಡೆಯಲೇಬೇಕು. ಪ್ರಶ್ನೆಯಿರುವ ಕಡೆ ಸರಕಾರವು ಆಯೋಗದ ಅನುಮತಿ ಕೇಳಿ ಮುಂದುವರಿಯುತ್ತದೆ. ಸೋಮಾರಿತನಕ್ಕೆ ಸಂಹಿತೆಯು ನೆಪವಾಗಬಾರದು.

ಮಿತಿಗಳು

ಸಂಹಿತೆಯನ್ನು ಹೊಗಳಿದಷ್ಟಕ್ಕೆ ನಮ್ಮ ಕೆಲಸ ಮುಗಿಯದು. ಅದರ ಕುಂದುಗಳನ್ನೂ ತಿಳಿಯಬೇಕು. ಮೊದಲನೆಯದಾಗಿ, ಇದು ಸಂಸತ್ತು ಮಾಡಿದ ಕಾನೂನಲ್ಲ, ಪಕ್ಷಗಳ ಒಪ್ಪಿಗೆಯಿಂದ ಬೆಳೆದು ಬಂದ ನಿಯಮಾವಳಿ. ಲಂಚ ಕೊಡುವುದು, ಬೆದರಿಕೆ ಹಾಕುವುದು, ಜಾತಿಮತಗಳ ಹೆಸರಿನಲ್ಲಿ ಮತ ಕೇಳುವುದು ಮುಂತಾದವುಗಳಿಗೆ 1951ರ ಜನಪ್ರತಿನಿಧಿ ಕಾಯಿದೆಯಲ್ಲೂ ಭಾರತೀಯ ನ್ಯಾಯ ಸಂಹಿತೆಯಲ್ಲೂ ಶಿಕ್ಷೆಯಿದೆ. ಆದರೆ ಸಂಹಿತೆಯ ಉಳಿದ ಎಷ್ಟೋ ಮಾತುಗಳನ್ನು ಮುರಿದರೆ ಆಯೋಗವು ಎಚ್ಚರಿಕೆ ಕೊಡಬಹುದು, ಕೆಲವು ದಿನ ಪ್ರಚಾರದಿಂದ ದೂರವಿಡಬಹುದು, ಅಷ್ಟೆ.

ಎರಡನೆಯದಾಗಿ, ಸಂಹಿತೆ ಆರಂಭವಾಗುವುದು ದಿನಾಂಕ ಪ್ರಕಟವಾದ ಬಳಿಕ. ಅದರ ಹಿಂದಿನ ದಿನ ಹತ್ತು ಕಡೆ ಶಂಕುಸ್ಥಾಪನೆಯ ಕಲ್ಲು ನೆಟ್ಟರೆ ಅದು ತಡೆಯಲಾರದು. ಇಂದು ಸಂಜೆ ದಿನಾಂಕ ಪ್ರಕಟವಾಗಲಿದೆಯೆಂದು ಗಾಳಿಸುದ್ದಿ ಹಬ್ಬಿದಾಗ ಆ ಬೆಳಗ್ಗೆ ಉದ್ಘಾಟನೆಗಳ ಸುರಿಮಳೆಯಾಗುವುದನ್ನು ನಾವೆಲ್ಲ ಪತ್ರಿಕೆಗಳಲ್ಲಿ ಓದಿದ್ದೇವೆ. ಯಾವ ಪಕ್ಷವೂ ಈ ವಿಷಯದಲ್ಲಿ ಇನ್ನೊಂದಕ್ಕೆ ಹಿಂದೆ ಬಿದ್ದಿಲ್ಲ.

ಮೂರನೆಯದಾಗಿ, ತಪ್ಪು ಮಾಡಿದವರ ಮೇಲಿನ ತಕರಾರು ಇತ್ಯರ್ಥವಾಗುವಷ್ಟರಲ್ಲಿ ಚುನಾವಣೆಯೇ ಮುಗಿದಿರುತ್ತದೆ. ಊರು ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕಿದ ಹಾಗೆ. ಇದನ್ನು ಸ್ವಲ್ಪವಾದರೂ ಸರಿಪಡಿಸಲೆಂದು ಆಯೋಗವು 2018ರಲ್ಲಿ ‘ಸಿ-ವಿಜಿಲ್’ ಎಂಬ ಮೊಬೈಲ್ ಸೌಕರ್ಯವನ್ನು ತಂದಿತು. ಸಂಹಿತೆಯ ಉಲ್ಲಂಘನೆಯನ್ನು ಕಂಡ ನಾಗರಿಕರು ಸ್ಥಳದಿಂದಲೇ ಚಿತ್ರ ತೆಗೆದು ಕಳುಹಿಸಬಹುದು. 100 ನಿಮಿಷಗಳೊಳಗೆ ಕ್ರಮ ಕೈಗೊಳ್ಳಬೇಕೆಂಬುದು ಅದರ ಗುರಿ.

ತಿಳಿಯುವ ಹಕ್ಕು

ಸರಕಾರದ ಕೈಯನ್ನು ಕೆಲವು ವಾರ ಕಟ್ಟಿದರೆ ಸಾಲದು. ಮತದಾರನ ಕಣ್ಣು ಎಲ್ಲ ಕಾಲದಲ್ಲೂ ತೆರೆದಿರಬೇಕು. ಈ ದಾರಿಯಲ್ಲಿ ನಮ್ಮ ನ್ಯಾಯಾಲಯಗಳು ದೊಡ್ಡ ಕೆಲಸ ಮಾಡಿವೆ.

1971ರ ಚುನಾವಣೆಯಲ್ಲಿ ಪ್ರಧಾನಿ ಇಂದಿರಾ ಗಾಂಧಿಯವರ ವಿರುದ್ಧ ರಾಯ್‌ಬರೇಲಿಯಲ್ಲಿ ಸೋತ ರಾಜ್‌ನಾರಾಯಣರು ಅಲಹಾಬಾದ್ ಹೈಕೋರ್ಟಿನಲ್ಲಿ ದಾವೆ ಹೂಡಿದರು. ಆ ವ್ಯಾಜ್ಯದ ನಡುವೆ ಪ್ರಧಾನಿಯ ಪ್ರವಾಸದ ಭದ್ರತೆಗೆ ಸಂಬಂಧಿಸಿದ ಸರಕಾರೀ ಕಾಗದಪತ್ರಗಳನ್ನು ತೋರಿಸಬೇಕೋ ಬೇಡವೋ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1975ರ ಜನವರಿಯಲ್ಲಿ ತೀರ್ಪು ಕೊಡುತ್ತ ನ್ಯಾಯಮೂರ್ತಿ ಕೆ. ಕೆ. ಮ್ಯಾಥ್ಯೂ ಅವರು, ಸಾರ್ವಜನಿಕ ಅಧಿಕಾರಿಗಳು ಸಾರ್ವಜನಿಕವಾಗಿ ಮಾಡುವ ಕೆಲಸಗಳನ್ನು ತಿಳಿಯುವ ಹಕ್ಕು ಈ ದೇಶದ ಜನರಿಗಿದೆ ಎಂಬ ತತ್ತ್ವವನ್ನು ಸ್ಪಷ್ಟವಾಗಿ ಸಾರಿದರು. ಅವರೂ ಕೇರಳದವರು. ಅದೇ ವರ್ಷ ಜೂನ್ 12ರಂದು ಹೈಕೋರ್ಟು, ಸರಕಾರೀ ಅಧಿಕಾರಿಗಳ ನೆರವನ್ನು ಪಡೆದ ಕಾರಣಕ್ಕಾಗಿ ಪ್ರಧಾನಿಯ ಆಯ್ಕೆಯನ್ನೇ ಅಸಿಂಧುವೆಂದಿತು. ಅನಂತರ ತುರ್ತು ಪರಿಸ್ಥಿತಿಯ ಕಾಲದಲ್ಲಿ ಕಾನೂನನ್ನೇ ತಿದ್ದಲಾಗಿ, ನವೆಂಬರದಲ್ಲಿ ಸುಪ್ರೀಂ ಕೋರ್ಟು ಆ ಆಯ್ಕೆಯನ್ನು ಎತ್ತಿಹಿಡಿಯಿತು. ಆದರೂ ತಿಳಿಯುವ ಹಕ್ಕಿನ ಮಾತು ಮಾತ್ರ ಉಳಿದು ಬೆಳೆಯಿತು.

2002ರಲ್ಲಿ ಸುಪ್ರೀಂ ಕೋರ್ಟು, ಅಭ್ಯರ್ಥಿಯ ಮೇಲೆ ಇರುವ ಕ್ರಿಮಿನಲ್ ಮೊಕದ್ದಮೆಗಳು, ಆಸ್ತಿ, ಸಾಲ, ವಿದ್ಯಾಭ್ಯಾಸ ಇವನ್ನು ತಿಳಿಯುವುದು ಮತದಾರನ ಹಕ್ಕೆಂದಿತು. ಇಂದು ಪ್ರತಿಯೊಬ್ಬ ಅಭ್ಯರ್ಥಿಯೂ ನಾಮಪತ್ರದೊಡನೆ ಈ ವಿವರಗಳ ಪ್ರಮಾಣಪತ್ರವನ್ನು ಸಲ್ಲಿಸಬೇಕು. ಅದನ್ನು ಯಾರು ಬೇಕಾದರೂ ನೋಡಬಹುದು. 2005ರ ಅಕ್ಟೋಬರ್ 12ರಿಂದ ಮಾಹಿತಿ ಹಕ್ಕು ಕಾಯಿದೆ ಜಾರಿಗೆ ಬಂತು. ಸಾಮಾನ್ಯ ನಾಗರಿಕನು ಹತ್ತು ರೂಪಾಯಿ ಶುಲ್ಕ ಕಟ್ಟಿ ಸರಕಾರೀ ಕಚೇರಿಯಿಂದ ಮಾಹಿತಿ ಕೇಳಿದರೆ 30 ದಿನಗಳೊಳಗೆ ಉತ್ತರ ಕೊಡಬೇಕು. ಕೇಳುವುದಕ್ಕೂ ಮೊದಲೇ ಕಚೇರಿಗಳು ತಮ್ಮ ಕೆಲಸ, ಖರ್ಚು, ಫಲಾನುಭವಿಗಳ ವಿವರ ಮುಂತಾದವನ್ನು ತಾವಾಗಿ ಪ್ರಕಟಿಸಬೇಕೆಂದು ಆ ಕಾಯಿದೆಯ 4ನೆಯ ಕಲಮು ಹೇಳುತ್ತದೆ.

2024ರ ಫೆಬ್ರವರಿ 15ರಂದು, ಲೋಕಸಭಾ ಚುನಾವಣೆಯ ಹೊಸ್ತಿಲಲ್ಲಿಯೇ, ಐವರು ನ್ಯಾಯಾಧೀಶರ ಪೀಠವು ಚುನಾವಣಾ ಬಾಂಡುಗಳ ಯೋಜನೆಯನ್ನು ಸಂವಿಧಾನಬಾಹಿರವೆಂದು ರದ್ದುಪಡಿಸಿತು. 2018ರಿಂದ ಜಾರಿಯಲ್ಲಿದ್ದ ಆ ಯೋಜನೆಯಂತೆ ಪಕ್ಷಗಳಿಗೆ ದೇಣಿಗೆ ಕೊಟ್ಟವರ ಹೆಸರು ಜನರಿಗೆ ತಿಳಿಯುತ್ತಿರಲಿಲ್ಲ. ಹಣ ಕೊಟ್ಟವರಿಗೆ ಪ್ರತಿಯಾಗಿ ಏನಾದರೂ ಸಿಕ್ಕಿತೋ ಎಂಬುದನ್ನು ಮತದಾರನು ಅರಿಯಬೇಕಾದರೆ ಕೊಟ್ಟವರು ಯಾರೆಂದು ಮೊದಲು ತಿಳಿಯಬೇಕಲ್ಲವೇ? ತೀರ್ಪಿನ ಬಳಿಕ ಆ ವಿವರಗಳನ್ನು ಪ್ರಕಟಿಸಲಾಯಿತು.

ನೀತಿ ರೂಪಿಸುವಾಗಲೂ ಬಾಗಿಲು ತೆರೆದಿರಬೇಕು. ಹೊಸ ಕಾನೂನಿನ ಕರಡನ್ನು ಕನಿಷ್ಠ 30 ದಿನ ಸಾರ್ವಜನಿಕರ ಮುಂದಿಟ್ಟು ಅಭಿಪ್ರಾಯ ಕೇಳಬೇಕೆಂದು ಕೇಂದ್ರ ಸರಕಾರವು 2014ರಲ್ಲಿ ತನ್ನ ಇಲಾಖೆಗಳಿಗೆ ಸೂಚಿಸಿತು. ಅದೂ ಕಾನೂನಿನ ಕಡ್ಡಾಯವಲ್ಲದುದರಿಂದ ಎಲ್ಲ ಮಸೂದೆಗಳೂ ಆ ಹಾದಿಯಲ್ಲಿ ಬರುತ್ತಿಲ್ಲ.

ಪ್ರಣಾಳಿಕೆಯನ್ನು ಓದುವ ಬಗೆ

ಪ್ರತಿಯೊಂದು ಪಕ್ಷವೂ ಚುನಾವಣೆಗೆ ಮುಂಚೆ ಪ್ರಣಾಳಿಕೆಯನ್ನು ಹೊರತರುತ್ತದೆ. ಇದು ಮುಂದಿನ ಐದು ವರ್ಷಗಳ ನೀತಿಯ ಮುನ್ನುಡಿ. ತಮಿಳುನಾಡಿನಲ್ಲಿ ಉಚಿತ ಕೊಡುಗೆಗಳ ಭರವಸೆಯನ್ನು ಕುರಿತು ಬಂದ ಒಂದು ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2013ರ ಜುಲೈ 5ರಂದು ತೀರ್ಪಿತ್ತು, ಪ್ರಣಾಳಿಕೆಯ ಭರವಸೆಯನ್ನು ಈಗಿನ ಕಾನೂನಿನಂತೆ ಭ್ರಷ್ಟ ಆಚರಣೆಯೆನ್ನಲಾಗದು, ಆದರೂ ಅದಕ್ಕೆ ಮಾರ್ಗಸೂಚಿ ಬೇಕು ಎಂದಿತು. ಅದರಂತೆ ಆಯೋಗವು 2014ರಲ್ಲಿ ಸಂಹಿತೆಗೆ ಹೊಸ ಭಾಗವನ್ನು ಸೇರಿಸಿತು. ಕೊಡುವ ಭರವಸೆಗೆ ಕಾರಣವನ್ನು ಹೇಳಬೇಕು, ಅದಕ್ಕೆ ಹಣ ಎಲ್ಲಿಂದ ಬರುವುದೆಂಬುದನ್ನು ಸ್ಥೂಲವಾಗಿಯಾದರೂ ತಿಳಿಸಬೇಕು, ಈಡೇರಿಸಬಲ್ಲ ಮಾತನ್ನಷ್ಟೇ ಕೊಡಬೇಕು ಎಂಬುದು ಅದರ ಸಾರ. ಖರ್ಚಿನ ವಿವರವನ್ನು ಗೊತ್ತಾದ ನಮೂನೆಯಲ್ಲಿ ಕೊಡಬೇಕೆಂದು 2022ರ ಅಕ್ಟೋಬರದಲ್ಲಿ ಆಯೋಗವು ಪಕ್ಷಗಳ ಮುಂದೆ ಪ್ರಸ್ತಾಪವಿಟ್ಟಾಗ ಹಲವು ಪಕ್ಷಗಳು ಅದನ್ನು ವಿರೋಧಿಸಿದವು.

ಬೇರೆ ದೇಶಗಳಲ್ಲಿ ಇದಕ್ಕೆ ಒಳ್ಳೆಯ ಮಾದರಿಗಳಿವೆ. ಆಸ್ಟ್ರೇಲಿಯದಲ್ಲಿ 1998ರ ಒಂದು ಕಾಯಿದೆಯಂತೆ, ಚುನಾವಣೆಯ ಆಜ್ಞೆ ಹೊರಟ ಹತ್ತು ದಿನಗಳೊಳಗೆ ಹಣಕಾಸಿನ ಹಿರಿಯ ಅಧಿಕಾರಿಗಳು ದೇಶದ ಬೊಕ್ಕಸದ ನಿಜಸ್ಥಿತಿಯ ವರದಿಯನ್ನು ಪ್ರಕಟಿಸಬೇಕು. ಅದು ಮಂತ್ರಿಗಳ ವರದಿಯಲ್ಲ, ಅಧಿಕಾರಿಗಳದೇ. ನೆದರ್ಲೆಂಡ್ಸಿನಲ್ಲಿ 1986ರಿಂದ ಒಂದು ಸರಕಾರೀ ಸಂಶೋಧನ ಸಂಸ್ಥೆಯು ಪಕ್ಷಗಳ ಪ್ರಣಾಳಿಕೆಗಳಿಗೆ ತಗಲುವ ಖರ್ಚನ್ನು ಲೆಕ್ಕ ಹಾಕಿ ಮತದಾರರ ಮುಂದಿಡುತ್ತ ಬಂದಿದೆ.

ನಮ್ಮಲ್ಲಿ ಅಂಥ ಏರ್ಪಾಡು ಇಲ್ಲದಿದ್ದರೇನಂತೆ? ಎಂಟನೆಯ ತರಗತಿಯ ಗಣಿತ ನಮಗೆ ಸಾಕು. ಒಂದು ಪಕ್ಷವು ಪ್ರತಿ ಕುಟುಂಬಕ್ಕೆ ತಿಂಗಳಿಗೆ ಸಾವಿರ ರೂಪಾಯಿ ಕೊಡುವುದಾಗಿ ಹೇಳಿತೆಂದೂ ಅಂಥ ಕುಟುಂಬಗಳು 50 ಲಕ್ಷವಿವೆಯೆಂದೂ ಊಹಿಸೋಣ. ಗುಣಿಸಿದರೆ ತಿಂಗಳಿಗೆ 500 ಕೋಟಿ, ವರ್ಷಕ್ಕೆ 6,000 ಕೋಟಿ, ಐದು ವರ್ಷಕ್ಕೆ 30,000 ಕೋಟಿ ರೂಪಾಯಿ. ಈಗ ಮೂರು ಪ್ರಶ್ನೆ ಕೇಳಬೇಕು. ಈ ಹಣ ಹೊಸ ತೆರಿಗೆಯಿಂದ ಬರುವುದೋ, ಸಾಲದಿಂದ ಬರುವುದೋ, ಬೇರೆ ಯಾವ ಖರ್ಚನ್ನು ಕಡಿದು ತರುವುದೋ? ಇಂಥ ನೆರವು ಬಡವರಿಗೆ ಅಗತ್ಯವಾಗಿರಬಹುದು, ಅದು ತಪ್ಪೆಂದು ನಾವು ಹೇಳುವುದಿಲ್ಲ. ಲೆಕ್ಕ ತೋರಿಸಿ ಕೊಡಿರಿ ಎಂದಷ್ಟೇ ನಮ್ಮ ಮಾತು. ಮನೆಗೆ ಹಸು ಕೊಳ್ಳುವಾಗಲೂ ನಾವು ಹತ್ತು ಸಲ ಲೆಕ್ಕ ಹಾಕುತ್ತೇವೆ.

ಕೊಟ್ಟ ಮಾತು, ಕಳೆದ ವರ್ಷಗಳು

ಹೊಣೆಗಾರಿಕೆ ಎಂಬುದು ಪುಸ್ತಕದ ಮಾತಲ್ಲ, ಬದುಕಿನ ಮಾತು ಎಂಬುದಕ್ಕೆ ನಮ್ಮ ಜಿಲ್ಲೆಗಿಂತ ಬೇರೆ ಉದಾಹರಣೆ ಬೇಡ. ಎಣ್ಮಕಜೆ, ಬೆಳ್ಳೂರು, ಕುಂಬಡಾಜೆ, ಕಾರಡ್ಕ, ಮುಳಿಯಾರು ಮುಂತಾದ ಕಡೆ ಸರಕಾರೀ ಒಡೆತನದ ಗೇರು ತೋಟಗಳಿಗೆ ಎರಡು ದಶಕಗಳಿಗೂ ಹೆಚ್ಚು ಕಾಲ, 2000ದವರೆಗೆ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಗುಡ್ಡದ ಮೇಲಿನ ತೋಟಕ್ಕೆ ಸುರಿದ ವಿಷ ಕೆಳಗಿನ ತೋಡಿಗೂ ಸುರಂಗಕ್ಕೂ ಬಾವಿಗೂ ಇಳಿಯಿತು. ಅಂಗವಿಕಲರಾಗಿ ಹುಟ್ಟಿದ ಮಕ್ಕಳನ್ನೂ, ಅವರನ್ನು ಹಗಲಿರುಳು ನೋಡಿಕೊಳ್ಳುವ ತಾಯಂದಿರನ್ನೂ ಈ ಜಿಲ್ಲೆಯಲ್ಲಿ ಅರಿಯದವರಿಲ್ಲ.

2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ದೇಶದಾದ್ಯಂತ ಆ ಕೀಟನಾಶಕವನ್ನು ತಡೆಯಿತು. 2017ರ ಜನವರಿಯಲ್ಲಿ, ಸಂತ್ರಸ್ತರಿಗೆ ತಲಾ ಐದು ಲಕ್ಷ ರೂಪಾಯಿಯನ್ನು ಮೂರು ತಿಂಗಳೊಳಗೆ ಕೊಡಬೇಕೆಂದು ರಾಜ್ಯ ಸರಕಾರಕ್ಕೆ ಆಜ್ಞಾಪಿಸಿತು. ಮೂರು ತಿಂಗಳು ಕಳೆಯಿತು, ಐದು ವರ್ಷವೂ ಕಳೆಯಿತು. 2022ರ ಮೇ ತಿಂಗಳಲ್ಲಿ ಅದೇ ನ್ಯಾಯಾಲಯವು ಲೆಕ್ಕ ಕೇಳಿದಾಗ, 3,704 ಸಂತ್ರಸ್ತರಲ್ಲಿ ಆ ಹಣ ಸಿಕ್ಕಿದುದು ಎಂಟು ಮಂದಿಗೆ ಮಾತ್ರವೆಂದು ತಿಳಿದು ಬಂತು. ನ್ಯಾಯಾಲಯವು ತೀವ್ರವಾಗಿ ಟೀಕಿಸಿದ ಮೇಲೆಯೇ ವಿತರಣೆ ಚುರುಕುಗೊಂಡಿತು.

ಈ ಐದು ವರ್ಷಗಳ ನಡುವೆ ಎಷ್ಟು ಚುನಾವಣೆಗಳಾದುವೆಂದು ಲೆಕ್ಕ ಹಾಕಿರಿ. 2019ರಲ್ಲಿ ಲೋಕಸಭೆ, 2020ರ ಡಿಸೆಂಬರದಲ್ಲಿ ಪಂಚಾಯತು, 2021ರ ಎಪ್ರಿಲ್‌ನಲ್ಲಿ ವಿಧಾನಸಭೆ. ಮೂರು ಸಲ ಮತ ಕೇಳಲು ಜನ ನಮ್ಮ ಅಂಗಳಕ್ಕೆ ಬಂದಿದ್ದರು. ಎಲ್ಲ ಪಕ್ಷಗಳವರೂ ಬಂದಿದ್ದರು. ‘ಆ ಎಂಟು ಮಂದಿಯನ್ನು ಬಿಟ್ಟು ಉಳಿದವರ ಹಣ ಎಲ್ಲಿ?’ ಎಂಬ ಒಂದು ಪ್ರಶ್ನೆಯನ್ನು ಪ್ರತಿಯೊಂದು ಅಂಗಳದಲ್ಲಿಯೂ ಕೇಳಿದ್ದರೆ, ಆ ತಾಯಂದಿರು ಮತ್ತೆ ನ್ಯಾಯಾಲಯದ ಮೆಟ್ಟಲು ಹತ್ತಬೇಕಾಗುತ್ತಿರಲಿಲ್ಲವೇನೋ. ಆಜ್ಞೆ ಕೊಡುವುದು ನ್ಯಾಯಾಲಯ, ಹಣ ಕೊಡುವುದು ಸರಕಾರ. ಇವೆರಡರ ನಡುವೆ ನಿಂತು ನೆನಪಿಸಬೇಕಾದವನು ಮತದಾರ.

ಕನ್ನಡದಲ್ಲಿಯೇ ಕೇಳೋಣ

ಗಡಿನಾಡಿನ ಕನ್ನಡಿಗರಾದ ನಮಗೆ ಇನ್ನೊಂದು ಕಷ್ಟವಿದೆ. ಸರಕಾರದ ಲೆಕ್ಕ ತೆರೆದಿದ್ದರೂ ಅದು ನಾವು ಓದಲಾರದ ಲಿಪಿಯಲ್ಲಿದ್ದರೆ ನಮ್ಮ ಪಾಲಿಗೆ ಮುಚ್ಚಿದಂತೆಯೇ ಸರಿ. ಎಷ್ಟೋ ಮಂದಿ ಹೆತ್ತವರು ಕಚೇರಿಯಿಂದ ಬಂದ ಕಾಗದವನ್ನು ಮಲೆಯಾಳ ಬಲ್ಲ ಮಗಳ ಕೈಗೆ ಕೊಟ್ಟು ಓದಿಸುವುದನ್ನು ನಾವು ಕಾಣುತ್ತೇವೆ. ಮಲೆಯಾಳವನ್ನು ನಮ್ಮ ಮಕ್ಕಳು ಕಲಿಯಬೇಕು, ಚೆನ್ನಾಗಿಯೇ ಕಲಿಯಬೇಕು. ಎರಡು ಭಾಷೆ ಬಲ್ಲವನಿಗೆ ಎರಡು ಬಾಗಿಲು. ಆದರೆ ಅರ್ಥವಾಗದ ಕಾಗದಕ್ಕೆ ಹೆಬ್ಬೆಟ್ಟು ಒತ್ತಬೇಕಾದ ಗತಿ ಯಾವ ಪ್ರಜೆಗೂ ಬರಬಾರದು.

ಸಂವಿಧಾನದ 350ನೆಯ ವಿಧಿಯಂತೆ, ತನ್ನ ಕುಂದುಕೊರತೆಯ ಬಗ್ಗೆ ಪ್ರತಿಯೊಬ್ಬನೂ ಕೇಂದ್ರದಲ್ಲಿ ಅಥವಾ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಮನವಿ ಸಲ್ಲಿಸಬಹುದು. ಕೇರಳದ 1969ರ ಅಧಿಕೃತ ಭಾಷಾ ಕಾಯಿದೆಯಲ್ಲಿಯೂ ತಮಿಳು ಮತ್ತು ಕನ್ನಡ ಅಲ್ಪಸಂಖ್ಯಾತರಿಗೆ ವಿಶೇಷ ಅವಕಾಶವಿದೆ. ಭಾಷಾ ಅಲ್ಪಸಂಖ್ಯಾತ ಪ್ರದೇಶವೆಂದು ಘೋಷಿತವಾದ ಕಡೆಗಳ ಸರಕಾರೀ ಕಚೇರಿಗಳೊಡನೆ ನಾವು ಕನ್ನಡದಲ್ಲೇ ಪತ್ರ ವ್ಯವಹಾರ ಮಾಡಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು. ಈ ಹಕ್ಕು ಕಾಗದದಲ್ಲಿ ಉಳಿಯದೆ ಜೀವಂತವಾಗಿರಬೇಕಾದರೆ ನಾವು ಅದನ್ನು ಬಳಸುತ್ತಿರಬೇಕು. ಉಪಯೋಗಿಸದ ಹಾದಿಯಲ್ಲಿ ಹುಲ್ಲು ಬೆಳೆಯುತ್ತದೆ.

ನಾವು ಮಾಡಬಹುದಾದುದು

ಇಷ್ಟನ್ನೆಲ್ಲ ಓದಿ ‘ಇದು ದೊಡ್ಡವರ ವಿಷಯ, ನಮ್ಮಂಥವರಿಂದೇನಾದೀತು?’ ಎಂದು ಕೈಚೆಲ್ಲಬಾರದು. ಕೇರಳದ 1994ರ ಪಂಚಾಯತ್ ರಾಜ್ ಕಾಯಿದೆಯಂತೆ ಪ್ರತಿಯೊಂದು ವಾರ್ಡಿನಲ್ಲಿಯೂ ಮೂರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಸೇರಬೇಕು. ವಾರ್ಡಿನ ಸದಸ್ಯರೇ ಅದರ ಸಂಚಾಲಕರು. ಅಲ್ಲಿ ಮತದಾರರೆಲ್ಲರೂ ಪ್ರಶ್ನೆ ಕೇಳಬಹುದು. ಹೆತ್ತವರು ತೋಟದ ಕೆಲಸ, ಬೀಡಿಯ ಕೆಲಸ ಬಿಟ್ಟು ಹೋಗುವುದು ಕಷ್ಟವೆಂದು ನಾವು ಬಲ್ಲೆವು. ಆದರೂ ವರ್ಷದಲ್ಲಿ ನಾಲ್ಕು ಅರ್ಧ ದಿನಗಳನ್ನು ಇದಕ್ಕಾಗಿ ತೆಗೆದಿಡುವುದು ನಷ್ಟದ ವ್ಯಾಪಾರವಲ್ಲ. ಚುನಾವಣೆಯ ದಿನ ಒಂದು ಗುಂಡಿ ಒತ್ತಿ ಬರುವವನಿಗಿಂತ, ಐದು ವರ್ಷಗಳಲ್ಲಿ ಇಪ್ಪತ್ತು ಗ್ರಾಮಸಭೆಗಳಿಗೆ ಹೋದವನ ಮಾತಿಗೆ ತೂಕ ಹೆಚ್ಚು.

ವಿದ್ಯಾರ್ಥಿಗಳಿಗೆ ಮತವಿಲ್ಲದಿದ್ದರೂ ಕೆಲಸವಿದೆ. ಮುಂದಿನ ಚುನಾವಣೆ ಬಂದಾಗ ಒಂದು ನೋಟುಪುಸ್ತಕ ಇಟ್ಟುಕೊಳ್ಳಿರಿ. ಒಂದು ಕಡೆ ಎಲ್ಲ ಅಭ್ಯರ್ಥಿಗಳೂ ನಿಮ್ಮ ಊರಿಗೆ ಕೊಟ್ಟ ಮಾತುಗಳನ್ನು, ದಿನಾಂಕ ಸಹಿತ ಬರೆಯಿರಿ. ಗೆದ್ದವರ ಮಾತುಗಳ ಎದುರು ಪುಟದಲ್ಲಿ ವರ್ಷಕ್ಕೊಮ್ಮೆ, ಆದುದೆಷ್ಟು ಎಂದು ಬರೆಯಿರಿ. ಯಾರನ್ನೂ ಬೈಯುವುದು ಬೇಡ, ಯಾರನ್ನೂ ಹೊಗಳುವುದೂ ಬೇಡ. ನಿಮಗೆ ಹದಿನೆಂಟು ತುಂಬಿ ಮೊದಲ ಮತ ಹಾಕಲು ಹೋಗುವಾಗ ಆ ಪುಸ್ತಕವೇ ನಿಮಗೆ ದಾರಿ ತೋರುತ್ತದೆ. ಮನೆಯ ಹಿರಿಯರು ಯಾರ ಮಾತನ್ನೋ ಕೇಳಿ ಮತ ಹಾಕುವ ಬದಲು ಮೊಮ್ಮಗಳ ಪುಸ್ತಕವನ್ನು ನೋಡಿ ಮತ ಹಾಕುವಂತಾದರೆ ಅದಕ್ಕಿಂತ ದೊಡ್ಡ ಪೌರನೀತಿಯ ಪಾಠವಿಲ್ಲ.

ಒಂದು ಮತದಿಂದೇನು ಎನ್ನುವವರಿಗೆ 2016ರ ವಿಧಾನಸಭಾ ಚುನಾವಣೆಯನ್ನು ನೆನಪಿಸೋಣ. ಆಗ ಮಂಜೇಶ್ವರ ಕ್ಷೇತ್ರದಲ್ಲಿ ಗೆದ್ದವರಿಗೂ ಎರಡನೆಯವರಿಗೂ ಇದ್ದ ಅಂತರ ಕೇವಲ 89 ಮತಗಳು. ನಮ್ಮ ಎರಡು ತರಗತಿಗಳ ಹೆತ್ತವರನ್ನು ಕೂಡಿಸಿದರೆ ಅಷ್ಟು ಜನರಾಗುತ್ತಾರೆ. ಅಷ್ಟು ಮಂದಿ ಲೆಕ್ಕ ಕೇಳಿ ಮತ ಕೊಡುವವರಾದರೆ, ಮತ ಕೇಳಲು ಬರುವವರು ಲೆಕ್ಕದ ಪುಸ್ತಕವನ್ನು ಕೈಯಲ್ಲಿ ಹಿಡಿದೇ ಬರಬೇಕಾಗುತ್ತದೆ.